ಹನ್ನೆರಡು ಹೆಜ್ಜೆ

ಸೋಮವಾರ ಬಂತು ಡ್ರಾ ಪಟ್ಟಿ.
ಮೊದಲ ಪಂದ್ಯವೇ ಮೈಸೂರಿನವರ ಮೇಲೆ,
ನಾಲ್ಕು ವರ್ಷದಿಂದ ಕಪ್ಪನ್ನು ಬೀರುವಿನಿಂದ ಕದಲಿಸದವರು.
ವನಮಾಲ ಮೇಡಂ ಪಟ್ಟಿಯನ್ನು ಎರಡು ಮಡಿಕೆ ಮಡಿಚಿ
ಹಾಜರಿ ಪುಸ್ತಕದೊಳಗಿಟ್ಟು
‘ಮಾಯಿಗಯ್ಯ, ಸುಣ್ಣ ಇದೆಯಾ?’ ಅಂದರು.
ಬೇರೇನೂ ಅನ್ನಲಿಲ್ಲ.

ಸುಣ್ಣ ಇತ್ತು. ಒಂದೂವರೆ ಮೂಟೆ.

ನಾವೆಷ್ಟರವರೆಂದು ಇಡೀ ಮಂಡ್ಯಕ್ಕೆ ಗೊತ್ತು.
ಲೀಗಿನಲ್ಲಿ ಸಮ ಮೂರು, ಗೆದ್ದದ್ದು ಒಂದು,
ಇನ್ನೊಂದು, ಎದುರಾಳಿಗಳ ಬಸ್ಸು
ಮದ್ದೂರಿನಾಚೆ ಕೆಟ್ಟು ನಿಂತದ್ದರಿಂದ ಬಂದದ್ದು.
‘ಕೆಟ್ಟಿತ್ತಾ? ವಡೆ ತಿನ್ನೋಕೆ ಇಳ್ದಿದ್ರು ಕನ’
ಅನ್ನುತ್ತಾನೆ ಕ್ಯಾಂಟೀನಿನ ದ್ಯಾವಣ್ಣ.
ನಮ್ಮ ಗೆಲುವಿಗೂ ಎಣ್ಣೆ ವಾಸನೆ.

ಗಂಜಾಮಿನ ಮುದಸ್ಸಿರ್, ನಾಯಕ.
ಅವನ ಎಡಗಾಲು ಮಾತಾಡಿದರೆ ಚೆಂಡು ಹೂಂಗುಟ್ಟುತ್ತದೆ,
ಬಲಗಾಲು ಬರೀ ನಿಲ್ಲುವುದಕ್ಕೆ.
ಮೇಲುಕೋಟೆಯ ಯತಿರಾಜ,
ಮೆಟ್ಟಿಲು ಹತ್ತಿ ಬೆಳೆದ ಉಸಿರು, ಓಡಿ ದಣಿಯುವವನಲ್ಲ;
ಗೋಲಿನ ಮುಂದೆ ಮಾತ್ರ ಸಂಕೋಚ,
ಊಟದ ಹೊತ್ತಿಗೆ ಯಾರ ಮನೆಗೋ ಹೋದವನ ಹಾಗೆ.
ಅವರ ಕಡೆ ಬೈಲಕುಪ್ಪೆಯ ತೆಂಜಿನ್ ಅಂತ ಒಬ್ಬ,
ತಲೆಯಲ್ಲಿ ಹೊಡೆದರೆ ಬಲೆಗೆ ಹೊಲಿಗೆ ಹಾಕಬೇಕು.

ಮೇಡಂ ಲೆಕ್ಕ ಇಷ್ಟೇ: ಗೋಲು ಬಿಡದೆ
ಹೊತ್ತು ಮುಳುಗಿಸಿ ಪೆನಾಲ್ಟಿಗೆ ಒಯ್ದರೆ
ಅಲ್ಲಿ ದಸರೆಯ ಊರೂ ಒಂದೇ, ಕಬ್ಬಿನ ಊರೂ ಒಂದೇ.

ಅದಕ್ಕೇ ದಿನಾ ಸಂಜೆ
ಐವರು ಹೊಡೆಯುವುದು, ಕೀಪರ್ ಶಿವನಂಜ ಬೀಳುವುದು,
ಎದ್ದು ಬಲೆಯೊಳಗಿಂದ ಚೆಂಡು ತೆಗೆದುಕೊಡುವುದು.
ಮೊಳಕೈ ಸುಲಿದ ಗೆಣಸಾಗಿತ್ತು.
ಕಾರ್ಖಾನೆಯ ಕಡೆಯಿಂದ ಮಡ್ಡಿಯ ನಾತ ಬೀಸುವಾಗ
ಒಮ್ಮೆ ಕೇಳಿದ,
‘ಮಾಯಿಗಣ್ಣ, ನಾನ್ಯಾಕೆ ಯಾವಾಗ್ಲೂ ಲೇಟು?’
ನಾನೇನು ಹೇಳಲಿ, ಗೆರೆ ಎಳೆಯುವವನು.

ಗುರುವಾರ, ಸರ್ವೆ ಆಫೀಸಿನ ನನ್ನ ಷಡ್ಡಕ
ಕಾಂಪೌಂಡು ಅಳೆಯಲು ಬಂದವನು ಟೇಪು ಮರೆತು ಹೋದ.
ಬಿಸಿಲಿತ್ತು. ಯಾರೂ ಇರಲಿಲ್ಲ.
ಸುಮ್ಮನೆ, ಗೋಲಿನ ಗೆರೆಯಿಂದ ಚುಕ್ಕೆಯವರೆಗೆ ಬಿಚ್ಚಿದೆ.
ಇಪ್ಪತ್ತಾರು ವರ್ಷ ಆ ಚುಕ್ಕೆಗೆ ಟೇಪು ಹಿಡಿದವನಲ್ಲ ನಾನು:
ಹನ್ನೆರಡು ಹೆಜ್ಜೆ, ಒಂದು ಹಿಡಿ ಸುಣ್ಣ.
ಮೊದಲ ವರ್ಷ ಆಗಿನ ಮೇಷ್ಟ್ರು ಅಳೆದು
‘ಗಜಕ್ಕೆ ಗಜ ಕಣಯ್ಯ ನಿನ್ನ ಕಾಲು’ ಅಂದಿದ್ದರು.

ಹನ್ನೊಂದು ಗಜ.
ಮತ್ತೆ ಅಳೆದೆ. ಹನ್ನೊಂದೇ.

ಮಂಡಿ ಹಿಡಿದದ್ದು ಗೊತ್ತಿತ್ತು,
ಹೆಜ್ಜೆಗೆ ಮೂರಿಂಚು ತಿಂದದ್ದು ಗೊತ್ತಿರಲಿಲ್ಲ.
ಹನ್ನೆರಡು ಮೂರಲಿ ಮೂವತ್ತಾರು.
ನನ್ನ ಮುಪ್ಪಿನ ಸುಂಕವನ್ನು
ಆ ಹುಡುಗ ಮೊಳಕೈಯಲ್ಲಿ ಕಟ್ಟುತ್ತಿದ್ದ.

ಯಾರಿಗೂ ಹೇಳಲಿಲ್ಲ.
ಹಳೆಯ ಚುಕ್ಕೆಗೆ ನೀರು ಚಿಮುಕಿಸಿ ಚಪ್ಪಲಿಯಲ್ಲಿ ಉಜ್ಜಿ
ಒಂದು ಗಜ ಆಚೆ ಹೊಸದಿಟ್ಟೆ.

ಸಂಜೆ ಮುದಸ್ಸಿರ್ ಹೊಡೆದ, ಶಿವನಂಜ ಹಿಡಿದ.
ಯತಿರಾಜ ಹೊಡೆದ, ಬೆರಳ ತುದಿಯಲ್ಲಿ ಆಚೆ ತಳ್ಳಿದ.
ಆಮೇಲಿನ ಮೂರು ಒಳಗೇ ಹೋದವು. ಆದರೂ
ಕೈಗವಸು ಬಿಚ್ಚಿ ತಿರುಗಿಸಿ ತಿರುಗಿಸಿ ನೋಡಿಕೊಂಡ,
ಇನ್ಯಾರದೋ ತೊಟ್ಟು ಬಂದವನಂತೆ.
‘ಏನ್ಲಾ ತಿನ್ಕಂಡ್ ಬಂದೆ?’
‘ಮುದ್ದೆನೇ ಕಣ್ಲಾ.’
ಮುದಸ್ಸಿರ್ ನಗುತ್ತಲೇ ತನ್ನ ಶೂ ನೋಡಿಕೊಂಡ.
ಆ ನೋಟ ನನಗೆ ಸರಿಬರಲಿಲ್ಲ:
ಒಬ್ಬನಿಗೆ ಕೊಟ್ಟದ್ದು ಐವರಿಂದ ಕಿತ್ತದ್ದೋ ಏನೋ.

ಇವತ್ತು ಶನಿವಾರ, ಮೊದಲ ಪ್ಯಾಸೆಂಜರ್ ರೈಲು.
ಬಲೆಚೀಲದಲ್ಲಿ ಚೆಂಡುಗಳು, ಮೇಡಂ ಕೈಯಲ್ಲಿ ಗ್ಲೂಕೋಸ್ ಡಬ್ಬ.
ಕಿಟಕಿಯಿಂದ ಶಿವನಂಜ ಕೂಗಿದ,
‘ಗೆಲ್ತೀವಾ ಮಾಯಿಗಣ್ಣ?’
ನಾನು ಕೈ ಎತ್ತಿದೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ.

ರೈಲು ಹೋದ ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ
ಹನ್ನೆರಡು ಹೆಜ್ಜೆ ನಡೆದು ನಿಂತೆ.
ಮೈಸೂರಿನಲ್ಲೂ ಈ ಹೊತ್ತಿಗೆ ಯಾವನೋ ಒಬ್ಬ
ಸುಣ್ಣದ ಬಕೆಟ್ಟು ಹಿಡಿದು ಗೋಲಿನಿಂದ ಹೊರಟಿರುತ್ತಾನೆ.
ಅವನ ಮಂಡಿ ಹೇಗಿದೆಯೋ.